ಮೀಟರಿನಲ್ಲಿ 1.1, ಗಾಳಿಯಲ್ಲಿ ನಾಪತ್ತೆ: ಮಲೆನಾಡಿನ ಒಂದು ಹ್ಯಾಮ್ ಮನೆಯ ಪ್ರಕರಣ

ಮಲೆನಾಡಿನ ಒಂದು ಅಡಿಕೆ ತೋಟದಲ್ಲಿ, ಹ್ಯಾಮ್ ಒಬ್ಬರ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರೊಬ್ಬರ ಮನೆಯಲ್ಲಿ ನಡೆದ ಸಂಗತಿ ಇದು. ಊರಿನ ಹೆಸರು ಹೇಳುವುದಿಲ್ಲ, ಅವರ ರೇಡಿಯೋ ಗುರುತಾದ ಕಾಲ್‌ಸೈನ್ ಕೂಡ ಇಲ್ಲ. ಮನೆಯ ಯಜಮಾನರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. "ನನ್ನ ಹೆಸರು ಬೇಡ, ನಾನು ಮಾಡಿದ ತಪ್ಪೆಲ್ಲ ಬರಿ ಮಾರಾಯ" ಎಂದು ಅವರೇ ಒಪ್ಪಿಗೆ ಕೊಟ್ಟರು. ನಾನು ಮಾಡಿದ ತಪ್ಪೂ ಒಂದಿದೆ. ಅದೇ ದೊಡ್ಡದು, ಮುಂದೆ ಬರುತ್ತದೆ.

ಹಿನ್ನೆಲೆ

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹ್ಯಾಮ್ ಲೈಸೆನ್ಸ್ ಪಡೆದು ಇಪ್ಪತ್ತು ವರ್ಷದ ಮೇಲಾಗಿದೆ. ಜಗಲಿಯ ಪಕ್ಕದ ಸಣ್ಣ ಕೋಣೆಯೇ ಅವರ ಶ್ಯಾಕ್. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 100 ವ್ಯಾಟ್‌ನ ರಿಗ್ (ಕಳಿಸಲೂ ಕೇಳಲೂ ಎರಡಕ್ಕೂ ಆಗುವ ರೇಡಿಯೋ), 13.8 ವೋಲ್ಟ್‌ನ ಪವರ್ ಸಪ್ಲೈ, ಕರೆಂಟು ಹೋದರೆ ಒಂದು ಹಳೇ ಬ್ಯಾಟರಿ. ಮಳೆಗಾಲದಲ್ಲಿ ಆ ಕಡೆ ಕರೆಂಟು ಹೋದರೆ ಮೂರು ದಿನ ಬಾರದೇ ಇರುವುದೂ ಉಂಟು.

ಆಂಟೆನಾ ಒಂದೇ. 40 ಮೀಟರ್ ತರಂಗದ ಬ್ಯಾಂಡಿನ ಇನ್ವರ್ಟೆಡ್ ವಿ, ಅಂದರೆ ತಲೆಕೆಳಗಾದ V ಆಕಾರದ ತಂತಿ. ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ಆಚೆಗೆ ಹತ್ತು, ಈಚೆಗೆ ಹತ್ತು. ನಡುಬಿಂದು ಅಂಗಳದ ಮೂಲೆಯಲ್ಲಿ ನಿಲ್ಲಿಸಿದ 12 ಮೀಟರ್ ಜಿಐ ಪೈಪಿನ ನೆತ್ತಿಯಲ್ಲಿ. ಎರಡು ಕೊನೆಗಳು ನೈಲಾನ್ ಹಗ್ಗದಲ್ಲಿ ಅಡಿಕೆ ಮರಗಳಿಗೆ. ನೆತ್ತಿಯಿಂದ ಶ್ಯಾಕ್‌ವರೆಗೆ 30 ಮೀಟರ್ ಆರ್‌ಜಿ-58 ಕೇಬಲ್. ಇದೆಲ್ಲ 2017ರ ಬೇಸಿಗೆಯಲ್ಲಿ ಕಟ್ಟಿದ್ದು.

ಎರಡು ವಿಷಯ ಇಲ್ಲೇ ಗಮನಿಸಿ. ಒಂದು, ಪೈಪಿನ ಬುಡಕ್ಕೆ ಸಿಮೆಂಟ್ ಹಾಕಿಬಿಟ್ಟಿದ್ದರು, ನೆತ್ತಿಯಲ್ಲಿ ರಾಟೆ ಇರಲಿಲ್ಲ. ಅಂದರೆ ಆಂಟೆನಾವನ್ನು ಏರಿಸಿದ್ದೇ ಏರಿಸಿದ್ದು, ಇಳಿಸುವ ದಾರಿ ಇಟ್ಟುಕೊಂಡಿರಲಿಲ್ಲ. ಎರಡು, ಮೇಲೆ ಕೇಬಲ್ಲಿನ ತುದಿ ಬಿಚ್ಚಿ, ಒಳಗಿನ ತಂತಿಯನ್ನು ಒಂದು ಕಡೆಗೆ, ಹೊರಗಿನ ಜಾಲರಿಯನ್ನು ಇನ್ನೊಂದು ಕಡೆಗೆ ಬೆಸುಗೆ ಹಾಕಿ, ಮೇಲೆ ಎಪಾಕ್ಸಿ ಪುಟ್ಟಿ ಮೆತ್ತಿದ್ದರು. ತುದಿ ಆಕಾಶಕ್ಕೆ ಮುಖ ಮಾಡಿತ್ತು.

ಹ್ಯಾಮ್‌ಗಳು ರೇಡಿಯೋದಲ್ಲಿ ಕೂಡುವ ಬೆಳಗಿನ ನೆಟ್‌ಗೆ ಚೆಕ್-ಇನ್ ಆಗದೆ ಮೇಷ್ಟ್ರಿಗೆ ಕಾಫಿ ಇಳಿಯುವುದಿಲ್ಲ. ಮೂರು ವರ್ಷ ಎಲ್ಲ ಸರಿಯಿತ್ತು. ಕರ್ನಾಟಕದ ಮೂಲೆಮೂಲೆಯಿಂದ ಐದು-ಒಂಬತ್ತು ರಿಪೋರ್ಟ್ ಬರುತ್ತಿತ್ತು, ಅಂದರೆ ಮಾತು ಸ್ಪಷ್ಟ, ಸಿಗ್ನಲ್ ಜೋರು.

ತೊಂದರೆ ಶುರುವಾದದ್ದು

2020ರ ಮಳೆಗಾಲದಲ್ಲಿ ರಿಪೋರ್ಟ್ ಸ್ವಲ್ಪ ಇಳಿಯಿತು. ಚಳಿಗಾಲಕ್ಕೆ ಸುಧಾರಿಸಿತು, ಆದರೆ ಮೊದಲಿನಷ್ಟಲ್ಲ. 2021ರಲ್ಲಿ ಇನ್ನಷ್ಟು ಇಳಿಯಿತು. 2022ರ ಜುಲೈ ಹೊತ್ತಿಗೆ ನೆಟ್ ನಡೆಸುವವರು "ಯಾರೋ ಕೆಳಗಿಂದ ಕರೀತಿದ್ದಾರೆ, ಮತ್ತೆ ಹೇಳಿ" ಅನ್ನುವ ಸ್ಥಿತಿ. ಮೇಷ್ಟ್ರಿಗೆ ಮಾತ್ರ ಎಲ್ಲರೂ ಕೇಳಿಸುತ್ತಿದ್ದರು. ಚೆನ್ನಾಗಿಯೇ ಕೇಳಿಸುತ್ತಿದ್ದರು. ಹಿಂದಿನ ವರ್ಷಗಳಿಗಿಂತ ಗಲಾಟೆ ಕಡಿಮೆ, ಬ್ಯಾಂಡು ಶಾಂತವಾಗಿದೆ ಎಂದು ಖುಷಿಯೂ ಪಟ್ಟಿದ್ದರು.

ಅವರ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ, ಒಂದು ಮಾತು ಹೇಳಿದ್ದರಂತೆ: "ಮಳೆ ಹಿಡಿದ್ರೆ ಸಾಕು, ನಿಮ್ಮ ರೇಡಿಯೋಕ್ಕೆ ಶೀತ ಆಗುತ್ತೆ." ಇಡೀ ಪ್ರಕರಣದಲ್ಲಿ ಮೊದಲು ರೋಗ ಪತ್ತೆ ಹಚ್ಚಿದವರು ಅವರೇ. ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಷ್ಟ್ರು ನನಗೆ ಫೋನ್ ಮಾಡಿದರು. ನಾನು ಕೇಳಿದ ಮೊದಲ ಪ್ರಶ್ನೆ, ಎಲ್ಲ ಹ್ಯಾಮ್‌ಗಳೂ ಕೇಳುವ ಪ್ರಶ್ನೆ: "ಎಸ್‌ಡಬ್ಲ್ಯೂಆರ್ ಎಷ್ಟಿದೆ?" ಕಳಿಸಿದ ಪವರಿನಲ್ಲಿ ಎಷ್ಟು ಪಾಲು ವಾಪಸ್ ಬರುತ್ತಿದೆ ಎಂದು ಸೂಚಿಸುವ ಅಂಕಿ ಅದು, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು ಎನ್ನುತ್ತಾರೆ.

"1.1. ಮೊದಲು ಬ್ಯಾಂಡಿನ ಅಂಚಿನಲ್ಲಿ 1.7 ತೋರಿಸ್ತಿತ್ತು. ಈಗ ಎಲ್ಲಾ ಕಡೆ 1.1. ಅದಾಗಿ ಅದೇ ಸರಿಯಾಯ್ತು."

"ಹಾಗಾದ್ರೆ ಆಂಟೆನಾ ಸರಿ ಇದೆ ಮೇಷ್ಟ್ರೇ. ರಿಗ್ ನೋಡಿ."

ಇದೇ ನನ್ನ ತಪ್ಪು. ಆಂಟೆನಾ ತನ್ನಷ್ಟಕ್ಕೆ ತಾನೇ ಸುಧಾರಿಸುವುದಿಲ್ಲ. ಗಾಳಿ, ಮಳೆ, ಬಿಸಿಲಿಗೆ ಬಿಟ್ಟ ವಸ್ತು ಐದು ವರ್ಷದ ನಂತರ ಹೊಸದಕ್ಕಿಂತ ಒಳ್ಳೆಯ ಅಂಕಿ ತೋರಿಸಿದರೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಒಳ್ಳೆಯ ಅಂಕಿಯನ್ನು ಯಾರೂ ಪ್ರಶ್ನಿಸುವುದಿಲ್ಲ, ಅಲ್ವಾ?

ಏನೇನು ಮಾಡಿ ನೋಡಿದರು

ಮೊದಲು ತಪ್ಪನ್ನು ಸೂರ್ಯನ ಮೇಲೆ ಹಾಕಿದರು. ಸೂರ್ಯನ ಚಟುವಟಿಕೆಯ 25ನೇ ಚಕ್ರ ಏರುತ್ತಿದ್ದ ಕಾಲ ಅದು. ಸೂರ್ಯ ಚುರುಕಾದಂತೆ ಹಗಲಲ್ಲಿ ಕೆಳಗಿನ ಬ್ಯಾಂಡುಗಳ ಸಿಗ್ನಲ್ಲನ್ನು ಆಕಾಶದ ಡಿ ಪದರ ಜಾಸ್ತಿ ನುಂಗುತ್ತದೆ, ಅದು ನಿಜ. ಆದರೆ ಅದು ಎಲ್ಲರಿಗೂ ಒಂದೇ. ಮೂವತ್ತು ಕಿಲೋಮೀಟರ್ ಆಚೆ ಇರುವ ಇನ್ನೊಬ್ಬ ಹ್ಯಾಮ್‌ಗೆ ಅದೇ ನೆಟ್‌ನಲ್ಲಿ ಅದೇ ಹೊತ್ತಿಗೆ ಐದು-ಒಂಬತ್ತು ಸಿಗುತ್ತಿತ್ತು. ಈ ಹೋಲಿಕೆ ಕಣ್ಣೆದುರೇ ಇತ್ತು. ಯಾರೂ ಮಾಡಲಿಲ್ಲ.

ಆಮೇಲೆ ಮೈಕು ಬದಲಾಯಿತು. ಬ್ಯಾಟರಿ ಬದಲಾಯಿತು. ರಿಗ್ಗನ್ನು ಬೆಂಗಳೂರಿನ ಒಬ್ಬ ರಿಪೇರಿಯವರಿಗೆ ಬಸ್ಸಿನಲ್ಲಿ ಕಳಿಸಿದರು. ಅವರು ಪರೀಕ್ಷಿಸಿ "98 ವ್ಯಾಟ್ ಬರ್ತಿದೆ, ಏನೂ ಆಗಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳಿ ವಾಪಸ್ ಕಳಿಸಿದರು. ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಅವರ ವಾದ ಗಣಿತದ ಮೇಷ್ಟ್ರ ವಾದವೇ: ಕೇಳಿಸುವುದು ಸರಿಯಿದೆ, ಹೇಳುವುದು ಸರಿಯಿಲ್ಲ. ಆಂಟೆನಾ ಎರಡಕ್ಕೂ ಒಂದೇ. ಹಾಗಾಗಿ ತಪ್ಪು ಟ್ರಾನ್ಸ್‌ಮಿಟರಿನದೇ.

ವಾದ ಚೆನ್ನಾಗಿದೆ, ಆದರೆ ಒಂದು ಕಡೆ ಜಾರುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ನಮಗೆ ಕೇಳುವ ಗಲಾಟೆಯಲ್ಲಿ ಹೆಚ್ಚಿನ ಪಾಲು ಆಂಟೆನಾದಿಂದಲೇ ಬರುತ್ತದೆ. ದೂರದ ಸಿಡಿಲಿನ ಚರಪರ, ಎಲ್‌ಇಡಿ ಬಲ್ಬಿನ ಗುಂಯ್, ಇನ್ವರ್ಟರಿನ ಕಿರಿಕಿರಿ. ದಾರಿಯಲ್ಲಿ ಕೇಬಲ್ ತಿಂದರೆ ಮಾತೂ ಕುಗ್ಗುತ್ತದೆ, ಗಲಾಟೆಯೂ ಅಷ್ಟೇ ಕುಗ್ಗುತ್ತದೆ. ಎರಡರ ಅಂತರ ಹಾಗೇ ಉಳಿಯುತ್ತದೆ. ಕಿವಿಗೆ ಏನೂ ತಪ್ಪು ಅನಿಸುವುದಿಲ್ಲ. ಆ ಕಡೆಯವರ ಲೆಕ್ಕ ಬೇರೆ. ಅವರ ಗಲಾಟೆ ಅವರ ಮನೆಯದು, ಅದು ಕುಗ್ಗುವುದಿಲ್ಲ. ನಿಮ್ಮ ಸಿಗ್ನಲ್ ಮಾತ್ರ ಅದರೊಳಗೆ ಮುಳುಗುತ್ತದೆ. "ಬ್ಯಾಂಡು ಶಾಂತವಾಗಿದೆ" ಎಂದು ಮೇಷ್ಟ್ರು ಖುಷಿಪಟ್ಟದ್ದು ಅಸಲಿಗೆ ರೋಗದ ಲಕ್ಷಣ.

ಕೊನೆಗೆ ಮೇಷ್ಟ್ರು ಸ್ವತಃ ರಿಗ್ ಬಿಚ್ಚಿದರು. ರಿಸೀವ್‌ನಿಂದ ಟ್ರಾನ್ಸ್‌ಮಿಟ್‌ಗೆ ಆಂಟೆನಾ ಬದಲಿಸುವ ರಿಲೇ ಮೇಲೆ ಅವರ ಕಣ್ಣು ಬಿತ್ತು. ಹಳೇ ರಿಗ್‌ಗಳಲ್ಲಿ ಅದರ ಕಾಂಟ್ಯಾಕ್ಟ್ ಕೊಳೆಯಾಗುವುದು ಸಾಮಾನ್ಯ ಎಂದು ಎಲ್ಲೋ ಓದಿದ್ದರು. ಮುಚ್ಚಳ ತೆಗೆದು, ಉಪ್ಪು ಕಾಗದದಿಂದ ಕಾಂಟ್ಯಾಕ್ಟುಗಳನ್ನು ಫಳಫಳ ಅನ್ನುವಂತೆ ಉಜ್ಜಿದರು. ಹಾಗೆ ಉಜ್ಜಬಾರದು. ಕಾಂಟ್ಯಾಕ್ಟಿನ ಮೇಲೆ ತೆಳುವಾದ ಲೇಪ ಇರುತ್ತದೆ, ಉಪ್ಪು ಕಾಗದ ಅದನ್ನು ಕೆರೆದು ಹಾಕುತ್ತದೆ. ಕ್ಲೀನ್ ಮಾಡಲೇಬೇಕೆಂದರೆ ಬಿಳಿ ದಪ್ಪ ಕಾಗದದ ಪಟ್ಟಿಗೆ ಒಂದು ಹನಿ ಐಸೊಪ್ರೊಪೈಲ್ ಹಾಕಿ, ಕಾಂಟ್ಯಾಕ್ಟುಗಳ ನಡುವೆ ಇಟ್ಟು ಮೆಲ್ಲಗೆ ಎಳೆದರೆ ಸಾಕು.

ಒಂದು ವಾರ ಕಳೆದ ಮೇಲೆ ಹೊಸ ಕಾಯಿಲೆ ಶುರುವಾಯಿತು. ರಿಸೀವ್ ಇದ್ದಕ್ಕಿದ್ದಂತೆ ಸತ್ತುಹೋಗುವುದು, ಒಮ್ಮೆ ಮೈಕ್ ಒತ್ತಿ ಬಿಟ್ಟರೆ ಮತ್ತೆ ಬದುಕುವುದು. ಈಗ ಮನೆಯಲ್ಲಿ ಎರಡು ರೋಗ. ಒಂದು ಹುಟ್ಟಿಕೊಂಡದ್ದು, ಒಂದು ನಾವು ತಂದದ್ದು. ಎರಡೂ ಒಟ್ಟಿಗೆ ಇದ್ದಾಗ ಲಕ್ಷಣಗಳು ಕಲಸುಮೇಲೋಗರ. ಮೇಷ್ಟ್ರು "ರಿಗ್ಗೇ ಕೆಟ್ಟಿದ್ದು, ನೋಡು, ನಾನು ಹೇಳಿರಲಿಲ್ವಾ" ಎಂದು ನನಗೆ ಫೋನ್ ಮಾಡಿದರು. ಹೊಸ ರಿಗ್ ಕೊಳ್ಳುವ ಮಾತೂ ಬಂತು. ಆಗ ನಾನೇ ಹೊರಟೆ.

ಮೊದಲ ಎರಡು ದಿನ: ಮಳೆ, ಮತ್ತು ಒಂದು ಡಬ್ಬ

ಆಗಸ್ಟ್ ಎರಡನೇ ವಾರ. ಬಸ್ ಇಳಿದಾಗ ಹಿಡಿದ ಮಳೆ ಎರಡು ದಿನ ಬಿಡಲಿಲ್ಲ. ಮರ ಹತ್ತುವ ಮಾತೇ ಇಲ್ಲ. ಶ್ಯಾಕ್‌ನಲ್ಲಿ ಕೂತು ಏನು ಮಾಡಬಹುದೋ ಅದನ್ನು ಮಾಡಿದೆವು.

ನನ್ನ ಚೀಲದಲ್ಲಿ ಇದ್ದದ್ದು ಎರಡೇ ವಸ್ತು. ಒಂದು ನ್ಯಾನೋವಿಎನ್‌ಎ, ಅಂಗೈಯಷ್ಟು ದೊಡ್ಡ ಅಳತೆಯ ಯಂತ್ರ. ಇನ್ನೊಂದು ಕಾಫಿಪುಡಿಯ ತಗಡಿನ ಡಬ್ಬದಲ್ಲಿ ನಾನೇ ಮಾಡಿದ ಡಮ್ಮಿ ಲೋಡ್, ಅಂದರೆ ಆಂಟೆನಾದ ಬದಲು ಸಿಕ್ಕಿಸಿ ರಿಗ್ ಪರೀಕ್ಷಿಸುವ ನಕಲಿ ಹೊರೆ. 1,000 ಓಮ್‌ನ 2 ವ್ಯಾಟ್ ರೆಸಿಸ್ಟರ್ ಇಪ್ಪತ್ತನ್ನು ಪಕ್ಕಪಕ್ಕ ಜೋಡಿಸಿದರೆ 50 ಓಮ್, 40 ವ್ಯಾಟ್. ಮಿನರಲ್ ಆಯಿಲ್‌ನಲ್ಲಿ ಮುಳುಗಿಸಿದರೆ ಸ್ವಲ್ಪ ಹೊತ್ತು 100 ವ್ಯಾಟ್ ಕೂಡ ತಡೆಯುತ್ತದೆ. ರೆಸಿಸ್ಟರ್ ಕಾರ್ಬನ್ ಫಿಲ್ಮ್ ಅಥವಾ ಮೆಟಲ್ ಆಕ್ಸೈಡ್ ಆಗಿರಬೇಕು. ತಂತಿ ಸುತ್ತಿದ ಜಾತಿ ಬೇಡ, ಅದು ಕಾಯಿಲ್‌ನಂತೆ ಆಡುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಷ್ಟಕ್ಕೂ ಕೊಡುವ ದುಡ್ಡು ಒಂದು ಊಟದಷ್ಟೇ. ಹ್ಯಾಮ್ ಮನೆಯಲ್ಲಿ ಮೊದಲು ಇರಬೇಕಾದ ಸಾಮಾನು ಇದು. ಮೇಷ್ಟ್ರ ಹತ್ತಿರ ಮೂರು ಮೈಕ್ ಇತ್ತು, ಡಮ್ಮಿ ಲೋಡ್ ಇರಲಿಲ್ಲ.

ಮೊದಲ ಪರೀಕ್ಷೆ: ರಿಗ್‌ನ ಬೆನ್ನಿಗೆ ನೇರವಾಗಿ ಡಬ್ಬ. 95 ವ್ಯಾಟ್. ಬೆಂಗಳೂರಿನವರು ಹೇಳಿದ್ದು ನಿಜ.

ಎರಡನೆಯದು: ಆಂಟೆನಾ ಕೇಬಲ್ಲಿಗೆ ನ್ಯಾನೋವಿಎನ್‌ಎ. 7.0ದಿಂದ 7.2ರವರೆಗೆ 1.1. ಮೇಷ್ಟ್ರು ನನ್ನ ಮುಖ ನೋಡಿದರು, ತಾವು ಹೇಳಿದ್ದೇ ಸರಿ ಅನ್ನುವ ಹಾಗೆ. ಸುಮ್ನೆ ಕುತೂಹಲಕ್ಕೆ ಅಳತೆಯ ಹರವನ್ನು 6ರಿಂದ 9 ಮೆಗಾಹರ್ಟ್ಸ್‌ಗೆ ಹಿಗ್ಗಿಸಿದೆ. ಡೈಪೋಲ್ (ಎರಡು ತೋಳಿನ ಇಂಥ ತಂತಿ ಆಂಟೆನಾ) ಆಗಿದ್ದರೆ ನಡುವೆ ಒಂದು ತಗ್ಗು, ಎರಡೂ ಕಡೆ ಗೋಡೆಯಂತೆ ಏರುವ ಗೆರೆ ಕಾಣಬೇಕು. ಪರದೆಯ ಮೇಲೆ ಇದ್ದದ್ದು ಗದ್ದೆ ಬದುವಿನಂಥ ಒಂದು ಗೆರೆ. ಎಲ್ಲಿ ನೋಡಿದರೂ 1.35 ದಾಟಲಿಲ್ಲ.

ಪ್ರಕರಣ ತಿರುಗಿದ್ದು ಇಲ್ಲಿ. 20 ಮೀಟರ್ ತಂತಿ 9 ಮೆಗಾಹರ್ಟ್ಸ್‌ನಲ್ಲಿ 1.35 ತೋರಿಸಲು ಸಾಧ್ಯವೇ ಇಲ್ಲ. ನಾವು ನೋಡುತ್ತಿರುವುದು ಆಂಟೆನಾವನ್ನಲ್ಲ. ಅದರ ಮುಂದೆ ನಿಂತ ಇನ್ನೇನನ್ನೋ.

"ಹಾಗಂದ್ರೆ?" ಎಂದರು ಮೇಷ್ಟ್ರು.

ರಿಗ್‌ನಿಂದ ಪವರ್ ಮೇಲೆ ಹೋಗುತ್ತದೆ. ಆಂಟೆನಾಕ್ಕೆ ಹೊಂದದ ಪಾಲು ವಾಪಸ್ ಬರುತ್ತದೆ. ಹೋದದ್ದೆಷ್ಟು, ಬಂದದ್ದೆಷ್ಟು ಎಂದು ಮೀಟರು ಹೋಲಿಸುತ್ತದೆ, ಅಷ್ಟೇ. ಹೋಗುವಾಗಲೇ ಕೇಬಲ್ ಮುಕ್ಕಾಲು ಪಾಲು ತಿಂದು, ಉಳಿದದ್ದರಲ್ಲಿ ಚೂರು ವಾಪಸ್ ಹೊರಟರೆ ಅದನ್ನೂ ದಾರಿಯಲ್ಲಿ ತಿಂದರೆ, ಮೀಟರಿಗೆ ಕಾಣುವುದು ಏನೂ ವಾಪಸ್ ಬಂದಿಲ್ಲ ಅಂತ. ಎಸ್‌ಡಬ್ಲ್ಯೂಆರ್ ಬಲು ಚೆಂದ.

ಮೇಷ್ಟ್ರು ಒಂದು ನಿಮಿಷ ಸುಮ್ಮನಿದ್ದರು. "ಅಂದ್ರೆ, ಮಗಳಿಗೆ ಅಂತ ಬಸ್ಸಲ್ಲಿ ಚಕ್ಕುಲಿ ಡಬ್ಬಿ ಕಳಿಸಿದೆ. ವಾಪಸ್ ಬರಲಿಲ್ಲ. ಅವಳು ತಿಂದಳು ಅಂದುಕೊಂಡೆ. ತಿಂದಿದ್ದು ಕಂಡಕ್ಟರು."

ಇದಕ್ಕಿಂತ ಚೆನ್ನಾಗಿ ನಾನು ಎಲ್ಲೂ ಓದಿಲ್ಲ.

ಮೂರನೆಯ ದಿನ: ಮರ, ದೋಟಿ, ಕಿಲುಬು

ಮೂರನೇ ದಿನ ಬೆಳಿಗ್ಗೆ ಹೊಳವಾಯಿತು. ಮೇಷ್ಟ್ರ ತೋಟದಲ್ಲಿ ಕೊನೆ ತೆಗೆಯುವ ಕೊನೆಗೌಡರನ್ನು ಕರೆಸಿದೆವು. ಪೈಪಿನ ಪಕ್ಕದಲ್ಲೇ ಒಂದು ಅಡಿಕೆ ಮರ ಇತ್ತು. ಅವರು ಅದನ್ನು ಹತ್ತಿ, ದೋಟಿಯ ಕೊಕ್ಕೆಯಿಂದ ಆಂಟೆನಾದ ನಡುಬಿಂದುವನ್ನು ಎಳೆದು ಬಿಡಿಸಿ ಕೆಳಗೆ ಬಿಟ್ಟರು. ಒಂದು ಎಚ್ಚರಿಕೆ: ಈಗಿನ ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಂ ದೋಟಿಯಲ್ಲಂತೂ ಹೇಳುವುದೇ ಬೇಡ. ಹತ್ತಿರದಲ್ಲಿ ಕರೆಂಟಿನ ಲೈನ್ ಇದ್ದರೆ ಈ ಸಾಹಸಕ್ಕೆ ಕೈ ಹಾಕಬೇಡಿ. ಇಲ್ಲಿ ಲೈನ್ ಮನೆಯ ಆಚೆ ಬದಿಗಿತ್ತು, ರಿಗ್‌ನಿಂದ ಕೇಬಲ್ ಬಿಡಿಸಿಟ್ಟಿದ್ದೆವು.

ಇಳಿದ ಮೇಲೆ ಕೊನೆಗೌಡರು ಹೇಳಿದ ಮಾತು: "ನಾನು ಹೋದ ವರ್ಷನೇ ಹೇಳಿದ್ನಲ್ಲ ಮೇಷ್ಟ್ರೇ, ಮೇಲೆ ಹಸಿರು ಕಟ್ಟಿದೆ ಅಂತ."

ನಿಜ, ಹೇಳಿದ್ದರು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಮರ ಹತ್ತಿದಾಗ ನೋಡಿದ್ದರು. ಮೇಷ್ಟ್ರು "ಅದು ನೀನೇ ಹೊಡೆದ ಮೈಲುತುತ್ತ" ಎಂದು ನಕ್ಕು ಬಿಟ್ಟಿದ್ದರು. ಆ ತೋಟದಲ್ಲಿ ಮಳೆಗಾಲದಲ್ಲಿ ಎಲ್ಲದರ ಮೇಲೂ ಹಸಿರು-ನೀಲಿ ಕಲೆ ಇರುತ್ತದೆ. ಮರದ ಮೇಲೆ, ಹಂಚಿನ ಮೇಲೆ, ಬಟ್ಟೆಯ ಮೇಲೆ. ಯಾರಿಗೂ ಅನುಮಾನ ಬಾರದ ಬಣ್ಣ. ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ: ಮೇಲೆ ಕೂತ ಮೈಲುತುತ್ತದ ಪುಡಿ ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಹುಮಟ್ಟಿಗೆ ಹೋಗುತ್ತದೆ. ಇದು ಹೋಗಲಿಲ್ಲ. ಇದು ಕಿಲುಬು. ಬೆಸುಗೆಯ ಸುತ್ತ ಪುಟ್ಟಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದರ ಒಳಗಿನಿಂದ ಹಸಿರು ಹೊರಗೆ ಬಂದಿತ್ತು.

ಆಂಟೆನಾ ತಂತಿಯನ್ನು ಕೇಬಲ್ಲಿನಿಂದ ಪೂರ್ತಿ ಕತ್ತರಿಸಿದೆ. ಈಗ ಕೇಬಲ್ಲಿನ ಆ ತುದಿಯಲ್ಲಿ ಏನೂ ಇಲ್ಲ, ಗಾಳಿ ಮಾತ್ರ. ಮೇಷ್ಟ್ರನ್ನು ಶ್ಯಾಕ್‌ಗೆ ಕಳಿಸಿ ಎಸ್‌ಡಬ್ಲ್ಯೂಆರ್ ಓದಲು ಹೇಳಿದೆ.

"1.35" ಎಂದು ಕಿಟಕಿಯಿಂದ ಕೂಗಿದರು. ಆಮೇಲೆ ಹೊರಗೆ ಬಂದು ನನ್ನ ಕೈಯಲ್ಲಿದ್ದ ಬರಿ ತುದಿ ನೋಡಿದರು. ಆಂಟೆನಾವೇ ಇಲ್ಲ, ಮೀಟರು ಸರ್ಟಿಫಿಕೇಟು ಕೊಡುತ್ತಿದೆ.

ಲೆಕ್ಕ ಹೀಗೆ. ತುದಿ ಖಾಲಿ ಇದ್ದರೆ ಹೋದದ್ದೆಲ್ಲ ವಾಪಸ್ ಬರಬೇಕು. 1.35 ಅಂದರೆ ವಾಪಸ್ ಬಂದದ್ದು 16.5 ಡೆಸಿಬೆಲ್ ಕಡಿಮೆ. ಹೋಗಿ ಬರುವ ದಾರಿಗೆ ಅಷ್ಟು, ಒಂದು ದಾರಿಗೆ ಅದರ ಅರ್ಧ, ಸುಮಾರು 8.3 ಡೆಸಿಬೆಲ್. 100 ವ್ಯಾಟ್ ಕೊಟ್ಟರೆ ಮೇಲೆ ತಲುಪುವುದು 15. ಇದೇ 30 ಮೀಟರ್ ಆರ್‌ಜಿ-58 ಆರೋಗ್ಯವಾಗಿದ್ದರೆ 7 ಮೆಗಾಹರ್ಟ್ಸ್‌ನಲ್ಲಿ ನಷ್ಟ ಸುಮಾರು 1.1 ಡೆಸಿಬೆಲ್. ಖಾಲಿ ತುದಿಯ ಎಸ್‌ಡಬ್ಲ್ಯೂಆರ್ 8ರ ಹತ್ತಿರ ಇರಬೇಕಿತ್ತು. ಈ ಒಂದು ಪರೀಕ್ಷೆಯಲ್ಲಿ ಅಂಕಿ ಕೆಟ್ಟದಿದ್ದಷ್ಟೂ ಕೇಬಲ್ ಒಳ್ಳೆಯದು. ಅದಕ್ಕೇ ತಲೆಕೆಳಗಾಗಿ ಯೋಚಿಸುವ ಅಭ್ಯಾಸ ಬೇಕು.

ಲೆಕ್ಕವನ್ನು ಮೇಷ್ಟ್ರು ಒಪ್ಪಿದರು, ಆದರೆ ಕಣ್ಣಾರೆ ನೋಡಬೇಕೆಂದರು. ಪೂರ್ತಿ ಕೇಬಲ್ಲನ್ನು ತಂದು ಜಗಲಿಯಲ್ಲಿ ಸುರುಳಿ ಸುತ್ತಿಟ್ಟೆವು. ಒಂದು ತುದಿಗೆ ರಿಗ್, ಇನ್ನೊಂದು ತುದಿಗೆ ವ್ಯಾಟ್ ಮೀಟರ್ ಮತ್ತು ನನ್ನ ಡಬ್ಬ. ಈ ಕಡೆ 95 ಕೊಟ್ಟರೆ ಆ ಕಡೆ ಬಂದದ್ದು 14. ಎರಡು ನಿಮಿಷದ ನಂತರ ಸುರುಳಿಯ ಮೇಲೆ ಕೈ ಇಟ್ಟೆವು. ಬೆಚ್ಚಗಿತ್ತು. 80 ವ್ಯಾಟ್ ಎಲ್ಲಿ ಹೋಯಿತು ಎಂದು ಅಂಗೈಗೇ ಗೊತ್ತಾಯಿತು. ಮೆಟ್ಟಿಲ ಮೇಲೆ ಕೂತಿದ್ದ ಅಕ್ಕ "ಮೊದಲೇ ಹೇಳಿದ್ದಿದ್ರೆ ಇದರ ಮೇಲೆ ಬಟ್ಟೆ ಒಣಗಿಸ್ತಿದ್ದೆ" ಎಂದರು. ಆಗಸ್ಟಿನ ಮಲೆನಾಡಿನಲ್ಲಿ ಅದು ತಮಾಷೆಯ ಮಾತಲ್ಲ.

ಆಮೇಲೆ ಕೇಬಲ್ಲನ್ನು ತುಂಡು ಮಾಡುತ್ತಾ ಬಂದೆ. ಮೇಲಿನ ತುದಿಯಲ್ಲಿ ಕತ್ತರಿಸಿದಾಗ ನಾಲ್ಕು ಹನಿ ನೀರು ಸುರಿಯಿತು. ಜಾಲರಿ ಇದ್ದಿಲಿನ ಬಣ್ಣ. ಐದು ಮೀಟರ್ ಕೆಳಗೆ ಕಪ್ಪು. ಹದಿನೈದು ಮೀಟರ್ ಕೆಳಗೂ ಕಂದು. ಶ್ಯಾಕ್‌ನ ಹತ್ತಿರದ ಆರೇಳು ಮೀಟರಿನಲ್ಲಿ ಮಾತ್ರ ತಾಮ್ರ ತಾಮ್ರದಂತಿತ್ತು. ಜಾಲರಿ ಅಂದರೆ ಸಣ್ಣ ಸಣ್ಣ ಎಳೆಗಳ ಹೆಣಿಗೆ. ದೀಪದ ಬತ್ತಿ ಎಣ್ಣೆಯನ್ನು ಎಳೆದ ಹಾಗೆ ಅದು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿ ತುದಿ ಮೇಲಕ್ಕಿದ್ದುದರಿಂದ ಇಳಿಜಾರಿನ ಸಹಾಯ ಬೇರೆ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ಮೇಲೆ ಪ್ಲಾಸ್ಟಿಕ್ ಹೊದಿಕೆ ಇದೆಯಲ್ಲ. ಎಳೆ ಎಳೆಗೂ ಕಿಲುಬು ಕಟ್ಟಿ, ಒಂದು ಎಳೆ ಇನ್ನೊಂದನ್ನು ಸರಿಯಾಗಿ ಮುಟ್ಟದಂತಾಗುತ್ತದೆ.

ಮೇಷ್ಟ್ರಿಗೆ ಆ ಆರೇಳು ಮೀಟರ್ ಎಸೆಯಲು ಮನಸ್ಸಾಗಲಿಲ್ಲ. ಯಾವುದಕ್ಕಾದರೂ ಆಗುತ್ತೆ ಎಂದರು. ಬೇಡ ಎಂದೆ. ಒಮ್ಮೆ ನೀರು ಕುಡಿದ ಕೇಬಲ್ ಎಷ್ಟು ದೂರ ಕುಡಿದಿದೆ ಎಂದು ಕಣ್ಣಿಗೆ ಪೂರ್ತಿ ಕಾಣುವುದಿಲ್ಲ.

ಮತ್ತೆ ಕಟ್ಟಿದ್ದು

ದಪ್ಪ ಆರ್‌ಜಿ-213 ಹಾಕೋಣ ಎಂದು ಮೇಷ್ಟ್ರು ಹಠ ಹಿಡಿದರು. ನಾನು ಒಪ್ಪಲಿಲ್ಲ. 40 ಮೀಟರ್ ಬ್ಯಾಂಡಿನಲ್ಲಿ, ಇಷ್ಟು ಉದ್ದಕ್ಕೆ, ಎರಡರ ನಡುವಿನ ವ್ಯತ್ಯಾಸ ಅರ್ಧ ಡೆಸಿಬೆಲ್ಲಿನ ಆಸುಪಾಸು. ಕೇಳುವವರ ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ತೂಕವೋ, 30 ಮೀಟರಿಗೆ ನಾಲ್ಕೂವರೆ ಕಿಲೋ ಮೀರುತ್ತದೆ. ಆ ದುಡ್ಡನ್ನು ನೀರು ತಡೆಯುವುದಕ್ಕೆ ಹಾಕೋಣ ಎಂದೆ. ಹೊಸ ಆರ್‌ಜಿ-58 ಬಂತು. ಹಾಕುವ ಮೊದಲೇ ಅದರ ಖಾಲಿ ತುದಿಯ ಎಸ್‌ಡಬ್ಲ್ಯೂಆರ್ ಅಳೆದೆವು. 7.6. ಮೇಷ್ಟ್ರು ಅದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ತಾರೀಖು ಹಾಕಿ ಬರೆದರು.

ನೆತ್ತಿಗೆ ಒಂದು ಸಣ್ಣ ಪಿವಿಸಿ ಜಂಕ್ಷನ್ ಬಾಕ್ಸ್. ಕೇಬಲ್ಲಿನ ಸಾಕೆಟ್ ಬಾಕ್ಸಿನ ತಳದಲ್ಲಿ, ನೆಲಕ್ಕೆ ಮುಖ ಮಾಡಿ. ಪಿಎಲ್-259 ಕನೆಕ್ಟರ್ ನೋಡಲು ಗಟ್ಟಿ, ಆದರೆ ಅದು ನೀರು ತಡೆಯುವ ಕನೆಕ್ಟರ್ ಅಲ್ಲ. ಅದಕ್ಕೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಸುತ್ತಿದೆವು. ಎರಡರಷ್ಟು ಉದ್ದಕ್ಕೆ ಎಳೆದು ಸುತ್ತಿದರೆ ಮಾತ್ರ ಅದು ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಸುಮ್ನೆ ಸುತ್ತಿದರೆ ಉಪಯೋಗವಿಲ್ಲ. ಸುತ್ತುವುದು ಕೆಳಗಿನಿಂದ ಮೇಲಕ್ಕೆ. ಹಂಚು ಹೊದಿಸುವವರು ಸೂರಿನಿಂದ ಶುರು ಮಾಡಿ ಮೇಲೆ ಹೋಗುವುದಿಲ್ಲವೇ, ಹಾಗೆ. ಮೇಲಿನ ಸುತ್ತು ಕೆಳಗಿನ ಸುತ್ತಿನ ಮೇಲೆ ಬಂದರೆ ನೀರು ಜಾರಿ ಹೋಗುತ್ತದೆ. ಅದರ ಮೇಲೆ ಬಿಸಿಲಿಗೆಂದು ಸಾದಾ ಪಿವಿಸಿ ಟೇಪ್. ಅಂಚುಗಳಿಗೆ ಸಿಲಿಕೋನ್ ಹಾಕುವವರಿದ್ದಾರೆ. ಹಾಕುವಾಗ ವಿನೆಗರ್ ವಾಸನೆ ಬಂದರೆ ಆ ಜಾತಿ ಬೇಡ, ಅದರಿಂದ ಹೊರಡುವ ಆಮ್ಲ ತಾಮ್ರವನ್ನೇ ತಿನ್ನುತ್ತದೆ.

ಬಾಕ್ಸಿನ ತಳಕ್ಕೆ 3 ಮಿಲಿಮೀಟರಿನ ಒಂದು ತೂತು ಕೊರೆದೆ. ಮೇಷ್ಟ್ರು ಬೆಚ್ಚಿದರು. ನೀರು ಬರಬಾರದು ಎಂದು ಇಷ್ಟೆಲ್ಲ ಮಾಡಿ ತೂತು ಕೊರೆಯುವುದೇ? ಮಲೆನಾಡಿನ ಗಾಳಿಯಲ್ಲಿ ಎಷ್ಟು ಮುಚ್ಚಿದರೂ ಒಳಗೆ ಇಬ್ಬನಿ ಕಟ್ಟುತ್ತದೆ. ಹೊರಗೆ ಹೋಗಲು ಅದಕ್ಕೂ ಒಂದು ದಾರಿ ಬೇಕು.

ಪೈಪಿನ ನೆತ್ತಿಗೆ ರಾಟೆ ಬಂತು, ಹಗ್ಗ ಬಂತು. ಕೊನೆಗಳಲ್ಲಿ ಹಗ್ಗವನ್ನು ಮರಕ್ಕೆ ಬಿಗಿಯುವ ಬದಲು ರಾಟೆಯ ಮೇಲೆ ಹಾಯಿಸಿ, ಮರಳು ತುಂಬಿದ ಕ್ಯಾನ್ ಕಟ್ಟಿದೆವು. ಮರ ತೂಗಿದರೆ ಕ್ಯಾನ್ ಏರುತ್ತದೆ, ಇಳಿಯುತ್ತದೆ, ತಂತಿ ಹರಿಯುವುದಿಲ್ಲ. ಕಿಟಕಿಯ ಹತ್ತಿರ ಕೇಬಲ್ ಒಳಗೆ ಬರುವ ಮೊದಲು ಕೆಳಕ್ಕೆ ಜೋತುಬಿಟ್ಟು ಒಂದು ಬಳಸು, ನೀರು ಅಲ್ಲೇ ತೊಟ್ಟಿಕ್ಕಲಿ ಎಂದು. ಸಿಡಿಲಿನ ಕಾಲದಲ್ಲಿ ಕೇಬಲ್ ಬಿಡಿಸಿ ಹೊರಗಿನ ಅರ್ಥಿಂಗ್ ಸಲಾಕೆಗೆ ಸಿಕ್ಕಿಸುವ ಅಭ್ಯಾಸ ಮೇಷ್ಟ್ರಿಗೆ ಮೊದಲಿನಿಂದಲೂ ಇತ್ತು. ಅದಕ್ಕೆ ಕೈ ಹಾಕಲಿಲ್ಲ.

ಏನಾಯಿತು

ಎಲ್ಲ ಕಟ್ಟಿ ಮುಗಿದ ಸಂಜೆ ಅಳತೆ: 7.0ಯಲ್ಲಿ 1.6, ನಡುವೆ 1.3, 7.2ರಲ್ಲಿ 1.7.

ಮೇಷ್ಟ್ರ ಮುಖ ಬಾಡಿತು. "ಇಷ್ಟು ದುಡ್ಡು ಹಾಕಿ ಎಸ್‌ಡಬ್ಲ್ಯೂಆರ್ ಹಾಳು ಮಾಡಿಟ್ಟೆಯಲ್ಲ ಮಾರಾಯ!" ಕಾರಣ ಗೊತ್ತಿದ್ದೂ ಹಾಗೆ ಅಂದರು. ಅಂಕಿಯ ಮೋಹ ಅಷ್ಟು ಬೇಗ ಬಿಡುವುದಿಲ್ಲ. ರಿಸೀವ್‌ನಲ್ಲಿ ಗಲಾಟೆಯೂ ಜಾಸ್ತಿಯಾಗಿತ್ತು. ಶಾಂತವಾಗಿದ್ದ ಬ್ಯಾಂಡು ಮತ್ತೆ ಸಂತೆಯಾಗಿತ್ತು.

ಮರುದಿನ ಬೆಳಿಗ್ಗೆ ನೆಟ್. ಮೇಷ್ಟ್ರು ಕರೆದರು. ನಡೆಸುವವರು ಒಂದು ಕ್ಷಣ ತಡೆದು, "ಹೊಸ ಲೀನಿಯರ್ ತಗೊಂಡ್ರಾ?" ಎಂದರು. ಲೀನಿಯರ್ ಅಂದರೆ ಪವರ್ ಹೆಚ್ಚಿಸುವ ಆಂಪ್ಲಿಫೈಯರ್. ಐದು-ಒಂಬತ್ತು.

ಎರಡನೇ ರೋಗ ಇನ್ನೂ ಇತ್ತು. ಅದೇ ನೆಟ್ ನಡುವೆ ರಿಸೀವ್ ಸತ್ತಿತು. ಆದರೆ ಈಗ ಆಂಟೆನಾ, ಕೇಬಲ್ ಎರಡರ ಮೇಲೂ ನಂಬಿಕೆ ಇತ್ತು. ಹಾಗಾಗಿ ಹುಡುಕುವ ಜಾಗ ಚಿಕ್ಕದಾಯಿತು. ರಿಗ್ ತೆರೆದಿಟ್ಟು, ಪೆನ್ಸಿಲ್ಲಿನ ಹಿಂಬದಿಯಿಂದ ರಿಲೇ ಮೇಲೆ ಮೆಲ್ಲಗೆ ತಟ್ಟಿದೆ. ಸಿಗ್ನಲ್ ಬಂತು. ತಟ್ಟಿದೆ, ಹೋಯಿತು. ಅರ್ಧ ಗಂಟೆಯ ಕೆಲಸ. ಅದೇ ಅಳತೆಯ 12 ವೋಲ್ಟ್ ರಿಲೇ ಕೊರಿಯರಿನಲ್ಲಿ ತರಿಸಿ ಮೇಷ್ಟ್ರೇ ಬೆಸುಗೆ ಹಾಕಿದರು. ಮೂರು ವಾರ ಒದ್ದಾಡಿಸಿದ ಆ ಕಾಯಿಲೆಗೆ ಬೇಕಾಗಿದ್ದು ನಂಬಬಹುದಾದ ಒಂದು ಆಂಟೆನಾ, ಒಂದು ಪೆನ್ಸಿಲ್.

ನಾನು ಆಮೇಲೆ ಬಹಳ ಯೋಚಿಸಿದ್ದು ಹುಡುಕಾಟ ಸಾಗಿದ ದಾರಿಯ ಬಗ್ಗೆ. ಮೈಕು ಕೈಗೆ ಸಿಗುತ್ತದೆ, ಬದಲಾಯಿಸಿದರು. ಬ್ಯಾಟರಿ ಸಿಗುತ್ತದೆ, ಬದಲಾಯಿಸಿದರು. ರಿಗ್ ಮೇಜಿನ ಮೇಲಿದೆ, ಬಿಚ್ಚಿದರು. ಕೈಗೆ ಸಿಗದೇ ಇದ್ದದ್ದು 12 ಮೀಟರ್ ಎತ್ತರದ ಆ ತುದಿ ಒಂದೇ. ರೋಗ ಅಲ್ಲೇ ಇತ್ತು. ಅಲ್ಲಿಗೆ ಹೋಗದಿರಲು ಮೀಟರು ಒಳ್ಳೆಯ ನೆಪ ಕೊಟ್ಟಿತು. ಫೋನಿನಲ್ಲಿ ನಾನೂ ಅದೇ ನೆಪಕ್ಕೆ ಸಹಿ ಹಾಕಿದೆ. 2017ರಲ್ಲೇ ರಾಟೆ ಇದ್ದಿದ್ದರೆ 2020ರ ಅಕ್ಟೋಬರಿನಲ್ಲಿ ಒಮ್ಮೆ ಇಳಿಸಿ ನೋಡುತ್ತಿದ್ದರು, ಆಗ ಬಹುಶಃ ಎರಡು ಅಡಿ ಕೇಬಲ್ ಕತ್ತರಿಸಿ ಎಸೆದರೆ ಸಾಕಾಗುತ್ತಿತ್ತು.

ಮೇಷ್ಟ್ರು ಈಗ ವರ್ಷಕ್ಕೆ ಎರಡು ಸಲ ಆಂಟೆನಾ ಇಳಿಸುತ್ತಾರೆ. ಮುಂಗಾರಿಗೆ ಮೊದಲು ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಬಾಕ್ಸಿನಿಂದ ಕೇಬಲ್ ಬಿಡಿಸಿ ಖಾಲಿ ತುದಿಯ ಅಳತೆ ತೆಗೆದು ಬರೆಯುತ್ತಾರೆ. ಕ್ಯಾಲೆಂಡರ್ ಬದಲಾದಾಗ ಹಳೆಯ ಅಂಕಿಗಳನ್ನು ಹೊಸದರ ಹಿಂದೆ ನಕಲು ಮಾಡುತ್ತಾರೆ. 7.6, 7.6, 7.5.

2023ರ ದೀಪಾವಳಿಯ ನಂತರ ಫೋನ್ ಬಂತು. "7.4 ಆಗಿದೆ. ಬಾಕ್ಸ್ ಬಿಚ್ಚಿದೆ. ನೀನು ಕೊರೆದ ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿದೆ. ಒಳಗೆ ಚಮಚದಷ್ಟು ನೀರು ನಿಂತಿತ್ತು."

ತೂತಿನ ಮೇಲೆ ಸೊಳ್ಳೆ ಪರದೆಯ ಚೂರು ಅಂಟಿಸಿ ನೋಡಿ ಎಂದೆ. ಅಂಟಿಸಿದ್ದಾರೆ. ಹಳೇ ಕೇಬಲ್ ಇನ್ನೂ ಆ ಮನೆಯಲ್ಲೇ ಇದೆ. ಕಪ್ಪಾಗಿದ್ದ ತುಂಡುಗಳನ್ನೆಲ್ಲ ಗಂಟು ಹಾಕಿ ಹಿತ್ತಲ ಮಾಡಿನ ಕೆಳಗೆ ಕಟ್ಟಿದ್ದಾರೆ. ಅದರ ಮೇಲೆ ಅಕ್ಕ ಬಟ್ಟೆ ಒಣಗಿಸುತ್ತಾರೆ.